ಮಳೆಗಾಲದ ಆರು ತಿಂಗಳು ಕಾರು ಶೆಡ್ಡಿನಲ್ಲಿ: ನಿಲ್ಲಿಸುವುದಾದರೆ ಪೂರ್ತಿ ನಿಲ್ಲಿಸಿ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ನಿವೃತ್ತ ಶಿಕ್ಷಕ. ಮಗಳ ಬಾಣಂತನಕ್ಕೆಂದು ನಾನೂ ನನ್ನ ಹೆಂಡತಿಯೂ ಮೇ ಕೊನೆಯ ವಾರ ಅಮೆರಿಕಕ್ಕೆ ಹೊರಟಿದ್ದೇವೆ. ವಾಪಸಾಗುವುದು ನವೆಂಬರಿನಲ್ಲಿ. ನಮ್ಮದು ಹತ್ತು ವರ್ಷದ ಪೆಟ್ರೋಲ್ ವ್ಯಾಗನ್ ಆರ್. ಓಡಿದ್ದು ಬರೀ 41,000 ಕಿ.ಮೀ. ಮನೆಗೆ ತಾಗಿದ ಹಾಗೆ ಹೆಂಚಿನ ಶೆಡ್ ಇದೆ. ಪಕ್ಕದ ಮನೆ ಹುಡುಗ ವಾರಕ್ಕೊಂದು ಸಲ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತೇನೆ ಅಂದಿದ್ದಾನೆ. ಅಷ್ಟು ಸಾಕೇ? ಮೇಲೆ ಟಾರ್ಪಾಲು ಹೊದಿಸಲೇ? ಪೆಟ್ರೋಲ್ ಖಾಲಿ ಮಾಡಿಡಬೇಕೋ, ತುಂಬಿಸಿಡಬೇಕೋ?

ಉತ್ತರ:

ಮೇಷ್ಟ್ರೇ, ಮೊದಲು ಆ ಹುಡುಗನ ಮಾತು. ಅವನ ಮನಸ್ಸು ಒಳ್ಳೆಯದು, ಆದರೆ ಅವನು ಮಾಡುತ್ತೇನೆ ಅಂದಿರುವ ಕೆಲಸ ನಿಮ್ಮ ಕಾರಿಗೆ ಒಳ್ಳೆಯದಲ್ಲ. ಶಿವಮೊಗ್ಗದಲ್ಲಿ ಗ್ಯಾರೇಜು ನಡೆಸುತ್ತಾ ಬಂದ ಇಷ್ಟು ವರ್ಷದಲ್ಲಿ, ಸುಮ್ಮನೆ ನಿಂತು ಹಾಳಾದ ಕಾರಿಗಿಂತ ಹೀಗೆ ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಸಿಕೊಂಡು ಹಾಳಾದ ಕಾರನ್ನೇ ಹೆಚ್ಚು ಕಂಡಿದ್ದೇನೆ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ನಂಬಲು ಕಷ್ಟವಾದರೂ ಇದು ನಿಜ. ಪೆಟ್ರೋಲಿನಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದ ಜೊತೆ ಕೂಡಿ ಉಗಿಯಾಗಿ ಹೊರಬರುತ್ತದೆ. ಗಾಡಿ ರಸ್ತೆಯಲ್ಲಿ ಓಡುವಾಗ ಇಂಜಿನ್ನೂ ಸೈಲೆನ್ಸರೂ ಕಾದು ಕೆಂಡವಾಗಿರುವುದರಿಂದ ಆ ಉಗಿ ಉಗಿಯಾಗಿಯೇ ಹೋಗಿಬಿಡುತ್ತದೆ. ತಣ್ಣಗಿರುವ ಇಂಜಿನ್ ಐದು ನಿಮಿಷ ನಿಂತಲ್ಲೇ ಓಡಿದರೆ ಹಾಗಾಗುವುದಿಲ್ಲ. ಅಷ್ಟು ಹೊತ್ತಿಗೆ ಸಣ್ಣ ಕಾರು ಸುಮಾರು 60 ಮಿ.ಲೀ. ಪೆಟ್ರೋಲ್ ಕುಡಿಯುತ್ತದೆ. ಅಷ್ಟೇ ನೀರು ಹುಟ್ಟಿ, ಅದರಲ್ಲೊಂದು ಪಾಲು ತಣ್ಣಗಿನ ಸೈಲೆನ್ಸರಿನ ಹೊಟ್ಟೆಯಲ್ಲಿ ಬೆವರಿ ಕೂರುತ್ತದೆ. ಇನ್ನೊಂದು ಪಾಲು ಪಿಸ್ಟನ್ ಪಕ್ಕದಿಂದ ಜಾರಿ ಇಂಜಿನ್ ಆಯಿಲ್ ಸೇರುತ್ತದೆ. ನೀರಿನ ಹಿಂದೆಯೇ ಸರಿಯಾಗಿ ಉರಿಯದ ಪೆಟ್ರೋಲೂ ಆಯಿಲಿಗೆ ಇಳಿಯುತ್ತದೆ. ಮುಂದಿನ ವಾರ ಮತ್ತೆ ಅಷ್ಟು. ಆರು ತಿಂಗಳೆಂದರೆ 26 ವಾರ, ಲೆಕ್ಕ ನೀವೇ ಹಾಕಿ.

ಹಿಂದೊಮ್ಮೆ ಒಬ್ಬರು ಗಲ್ಫಿನಿಂದ ಎರಡು ವರ್ಷಕ್ಕೊಮ್ಮೆ ಊರಿಗೆ ಬರುವಾಗ ಓಡಿಸಲೆಂದು ಇಟ್ಟಿದ್ದ ಕಾರು ನನ್ನಲ್ಲಿಗೆ ಬಂತು. ತೋಟ ನೋಡಿಕೊಳ್ಳುವವನು ಒಂದು ವಾರವೂ ತಪ್ಪದೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಸ್ಟಾರ್ಟ್ ಮಾಡಿದ್ದ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಬೆಣ್ಣೆ ಮೆತ್ತಿದ ಹಾಗೆ ಬಿಳಿ ಅಂಟು. ಸೈಲೆನ್ಸರಿನ ಕೆಳಭಾಗಕ್ಕೆ ಸ್ಕ್ರೂಡ್ರೈವರ್ ತಾಗಿಸಿದರೆ ಹಪ್ಪಳದ ಹಾಗೆ ಮುರಿಯಿತು. ಅಷ್ಟು ನಿಯತ್ತಿನಿಂದ ಕೆಲಸ ಮಾಡಿದವನಿಗೆ, ನಿನ್ನಿಂದಲೇ ಹೀಗಾಯಿತು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಯಾರೂ ಅವನಿಗೆ ಸರಿಯಾದದ್ದನ್ನು ಹೇಳಿಕೊಟ್ಟಿರಲಿಲ್ಲ. ತಪ್ಪು ಅಲ್ಲಿತ್ತು.

ಬ್ಯಾಟ್ರಿಯ ಲೆಕ್ಕವೂ ಇದೇ ರೀತಿಯದು. ಕೀ ತೆಗೆದು ಬಾಗಿಲು ಹಾಕಿದ ಮೇಲೂ ಕಾರು ಸ್ವಲ್ಪ ಕರೆಂಟು ತಿನ್ನುತ್ತಲೇ ಇರುತ್ತದೆ. ಗಡಿಯಾರ, ಅಲಾರ್ಮ್, ಕಂಪ್ಯೂಟರಿನ ನೆನಪು, ಎಲ್ಲ ಸೇರಿ 30 ಮಿಲಿ ಆಂಪಿಯರ್ ಅಂದುಕೊಳ್ಳಿ. ದಿನಕ್ಕೆ 0.7 ಆಂಪಿಯರ್ ಅವರ್, ವಾರಕ್ಕೆ 5. ಐದು ನಿಮಿಷ ಐಡಲಿಂಗಿನಲ್ಲಿ ಇಟ್ಟಾಗ ಬ್ಯಾಟ್ರಿಗೆ ವಾಪಸ್ ಹೋಗುವುದು ಹೆಚ್ಚೆಂದರೆ 1. ಅಂದರೆ ಐದು ಖರ್ಚು, ಒಂದು ಜಮೆ. ನಿಮ್ಮ ಕಾರಿನಂಥದ್ದಕ್ಕೆ ಇರುವುದು ಸುಮಾರು 35 ಆಂಪಿಯರ್ ಅವರಿನ ಬ್ಯಾಟ್ರಿ. ಎರಡು ತಿಂಗಳಾಗುವ ಮೊದಲೇ ಹುಡುಗ ಕೀ ತಿರುಗಿಸಿದರೆ ‘ಟಕ್’ ಅನ್ನುವ ಸದ್ದು ಮಾತ್ರ ಬರುತ್ತದೆ.

ಆದ್ದರಿಂದ ದಾರಿ ಎರಡೇ. ಒಂದು, ಕಾರನ್ನು ನಿಜವಾಗಿ ಓಡಿಸುವುದು: 15 ದಿನಕ್ಕೊಮ್ಮೆ, 25 ಕಿ.ಮೀ.ಗೆ ಕಮ್ಮಿಯಿಲ್ಲದೆ, ನಡುವೆ ಹತ್ತು ನಿಮಿಷ ಎ.ಸಿ. ಹಾಕಿಕೊಂಡು. ಟೆಂಪರೇಚರ್ ಮುಳ್ಳು ನಾಲ್ಕೈದು ಕಿ.ಮೀ.ಗೇ ಮೇಲೆ ಬರುತ್ತದೆ, ಆದರೆ ಅದನ್ನು ನಂಬಬೇಡಿ. ಆ ಮುಳ್ಳು ಕೂಲೆಂಟಿನ ಬಿಸಿ ತೋರಿಸುತ್ತದೆ. ಆಯಿಲ್ ಕಾಯಲು ಇನ್ನೂ ಹೊತ್ತು ಬೇಕು, ಸೈಲೆನ್ಸರಿನ ಬಾಲ ಕಾಯುವುದು ಎಲ್ಲಕ್ಕಿಂತ ಕೊನೆಗೆ. ಎರಡನೆಯದು, ಕಾರನ್ನು ಪೂರ್ತಿ ಮಲಗಿಸಿ ನೀವು ಬರುವವರೆಗೆ ಇಂಜಿನ್ ಮುಟ್ಟದೇ ಇರುವುದು. ಎರಡರ ನಡುವೆ ನಿಂತರೆ ಎರಡರ ನಷ್ಟವೂ ಸಿಗುತ್ತದೆ.

ಊರಲ್ಲೇ ಇದ್ದು ಕಾರನ್ನು ಅಪರೂಪಕ್ಕೆ ತೆಗೆಯುವವರಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ. ನಿಮಗೆ ಎರಡನೆಯದು. ಜೂನ್, ಜುಲೈಯಲ್ಲಿ ನಿಮ್ಮ ಕಡೆ ಓಡಿಸುವುದೆಂದರೆ ಪ್ರತಿ ಸಲವೂ ಕೆಸರು ಮೆತ್ತಿದ, ತೊಪ್ಪೆಯಾದ ಕಾರನ್ನು ತಂದು ಶೆಡ್ಡಿನೊಳಗೆ ಮುಚ್ಚಿದ ಹಾಗೆ. ಒಣಗಿದ ಕಾರನ್ನು ಒಣಗಿಯೇ ಇಡುವುದು ಸುಲಭ. ಹಾಗೂ ಬೇರೆಯವರ ಕೈಗೆ ಗಾಡಿ ಕೊಟ್ಟರೆ ಲೈಸೆನ್ಸು, ಇನ್ಶೂರೆನ್ಸು, ಹೊಗೆ ತಪಾಸಣೆ ಪತ್ರ ಎಲ್ಲದರ ಚಿಂತೆ ಅಮೆರಿಕದಲ್ಲೂ ನಿಮ್ಮ ಬೆನ್ನು ಹತ್ತುತ್ತದೆ.

ಈಗ ಮಲಗಿಸುವ ಬಗೆ. ಮೊದಲು ಶೆಡ್ಡಿನಿಂದ ಶುರು ಮಾಡೋಣ, ಯಾಕೆಂದರೆ ಮಲೆನಾಡಿನಲ್ಲಿ ಕಾರನ್ನು ತಿನ್ನುವುದು ಕಾಲವಲ್ಲ, ಥಂಡಿ. ಗಾಳಿಯ ತೇವಾಂಶ 60 ಪರ್ಸೆಂಟ್ ದಾಟಿದರೆ ಕಬ್ಬಿಣ ತುಕ್ಕು ಹಿಡಿಯುವ ವೇಗ ಒಮ್ಮೆಲೇ ಏರುತ್ತದೆ. ನಿಮ್ಮಲ್ಲಿ ಮಳೆಗಾಲದಲ್ಲಿ 90ರ ಮೇಲೆಯೇ ಇರುತ್ತದೆ. ಆಗುಂಬೆಯ ಮಳೆ ವರ್ಷಕ್ಕೆ 7,000 ಮಿ.ಮೀ. ದಾಟುವಂಥದ್ದು, ನೀವಿರುವುದು ಅದರ ನೆರೆಯಲ್ಲಿ. ಹೊರಡುವ ಮೊದಲು ಯಾರನ್ನಾದರೂ ಹೆಂಚಿನ ಮೇಲೆ ಹತ್ತಿಸಿ, ಒಡೆದದ್ದು, ಸರಿದದ್ದು ನೋಡಿಸಿ. ಒಂದೇ ಜಾಗದಲ್ಲಿ ಆರು ತಿಂಗಳು ತೊಟ್ಟಿಕ್ಕುವ ಹನಿ ಬಾಡಿಯ ಬಣ್ಣವನ್ನು ಕೊರೆದುಬಿಡುತ್ತದೆ. ನೆಲ ಮಣ್ಣಿನದಾಗಿದ್ದರೆ, ಅಥವಾ ಸಿಮೆಂಟಾದರೂ ಮಳೆಗಾಲದಲ್ಲಿ ಬೆವರುವಂಥದ್ದಾಗಿದ್ದರೆ, ಕಾರು ನಿಲ್ಲಿಸುವ ಮೊದಲೇ ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ನೆಲದಿಂದ ಏಳುವ ಥಂಡಿ ಅಲ್ಲೇ ತಡೆಯುತ್ತದೆ.

ಶೆಡ್ಡಿನಲ್ಲಿ ಬೇರೆ ಏನೇನಿದೆ ಅಂತ ನೀವು ಬರೆದಿಲ್ಲ, ಆದರೆ ನಮ್ಮ ಕಡೆಯ ಶೆಡ್ಡುಗಳನ್ನು ನಾನು ನೋಡಿದ್ದೇನೆ. ಅಡಿಕೆಯ ಕೊಳೆ ರೋಗದ ಔಷಧಿಗೆಂದು ತಂದ ಮೈಲುತುತ್ತಿನ ಚೀಲ, ಯೂರಿಯಾ ಮೂಟೆ, ಮಳೆಗಾಲಕ್ಕೆ ಒಟ್ಟಿದ ಸೌದೆ, ಎಲ್ಲವೂ ಕಾರಿನ ಜೊತೆಯೇ ಇರುತ್ತವೆ. ದಯವಿಟ್ಟು ಇವನ್ನು ಬೇರೆ ಕಡೆ ಸಾಗಿಸಿ. ಗೊಬ್ಬರ ಗಾಳಿಯ ನೀರು ಹೀರಿ ಕರಗುತ್ತದೆ. ಅದರ ಧೂಳು ತಗಡಿನ ಮೇಲೆ ಕೂತರೆ ಉಪ್ಪು ನೀರು ಸವರಿದ ಹಾಗೆಯೇ. ಮೈಲುತುತ್ತಿನ ನೀರು ತಾಗಿದರೆ ಕಬ್ಬಿಣವನ್ನು ತಿನ್ನುತ್ತದೆ ಅನ್ನುವುದು ಔಷಧಿ ಡ್ರಮ್ಮಿಗೆ ಕತ್ತಿ ಅದ್ದಿ ನೋಡಿದವರಿಗೆಲ್ಲ ಗೊತ್ತು. ಹಸಿ ಸೌದೆ ಆರುತ್ತಾ ಆರುತ್ತಾ ತನ್ನ ನೀರನ್ನೆಲ್ಲ ಶೆಡ್ಡಿನ ಗಾಳಿಗೇ ಬಿಡುತ್ತದೆ. ಕೊಟ್ಟಿಗೆ ಶೆಡ್ಡಿನ ಗೋಡೆಗೇ ತಾಗಿದ್ದರೆ ನಡುವಿನ ಕಿಂಡಿ ಮುಚ್ಚಿಸಿ. ಗಂಜಲದಿಂದ ಏಳುವ ಅಮೋನಿಯಾ ವೈರಿಂಗಿನ ತಾಮ್ರ, ಹಿತ್ತಾಳೆಯ ಕೂಡುಗಳನ್ನು ಹಸಿರುಗಟ್ಟಿಸುತ್ತದೆ. ಬಚ್ಚಲ ಒಲೆ ಆ ಕಡೆಗಿದ್ದರೆ ಮಾತ್ರ ಕಾರಿಗೆ ಬೇರೆ ಜಾಗವನ್ನೇ ಹುಡುಕಿ. ಬೆಂಕಿಯ ಪಕ್ಕ ತುಂಬಿದ ಪೆಟ್ರೋಲ್ ಟ್ಯಾಂಕ್ ಇಟ್ಟು ಕಡಲಾಚೆ ಹೋಗಬಾರದು.

ಟಾರ್ಪಾಲು ಬೇಡ, ಇದನ್ನು ಒತ್ತಿ ಹೇಳುತ್ತೇನೆ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮಪ್ಪನ ಪ್ರೀಮಿಯರ್ ಪದ್ಮಿನಿಗೆ ನಾನೇ ನೀಲಿ ಟಾರ್ಪಾಲು ಹೊದಿಸಿ ನಾಲ್ಕೂ ಕಡೆ ಹಗ್ಗ ಬಿಗಿದಿದ್ದೆ. ದಸರೆಗೆ ಬಿಚ್ಚಿದಾಗ ಛಾವಣಿಯ ತುಂಬ ಬಣ್ಣ ಗುಳ್ಳೆ ಎದ್ದಿತ್ತು, ಸೀಟಿನ ಮೇಲೆ ಬೂಷ್ಟು ಹಸಿರಾಗಿ ಬೆಳೆದಿತ್ತು. ಅಪ್ಪ ಒಂದು ಮಾತೂ ಆಡಲಿಲ್ಲ. ಆ ಕಾರಿನ ಮೇಲೆ ಅವರಿಗಿದ್ದ ಪ್ರೀತಿ ಗೊತ್ತಿದ್ದ ನನಗೆ ಅದೇ ಹೆಚ್ಚು ನೋವಾಯಿತು. ಟಾರ್ಪಾಲು ಮೇಲಿನ ನೀರನ್ನು ತಡೆಯುವುದು ನಿಜ. ಆದರೆ ರಾತ್ರಿ ತಣ್ಣಗಾದ ತಗಡಿನ ಮೇಲೆ ಬೆಳಿಗ್ಗೆ ಬೆವರುವ ನೀರು ಹೊರಗೆ ಹೋಗಲು ಅದು ಬಿಡುವುದಿಲ್ಲ. ಮೇಲೆ ಸೂರು ಇರುವಾಗ ನಿಮಗೆ ಬೇಕಾದ್ದು ಧೂಳು ತಡೆಯುವ, ಗಾಳಿಯಾಡುವ ಬಟ್ಟೆ ಮಾತ್ರ. ಹಳೆಯ ಹತ್ತಿ ಸೀರೆ ಎರಡನ್ನು ಜೋಡಿಸಿ ಹೊಲಿದರೆ ಧಾರಾಳ ಸಾಕು. ಪ್ಲಾಸ್ಟಿಕ್ ನೆಲಕ್ಕೆ, ಹತ್ತಿ ಮೈಗೆ.

ಹೊರಡಲು ಒಂದು ವಾರ ಇರುವಾಗ, ಮೇ ತಿಂಗಳ ಬಿಸಿಲು ಇನ್ನೂ ಇರುವಾಗಲೇ ವಾಟರ್ ಸರ್ವೀಸ್ ಮಾಡಿಸಿ. ಮೇಲ್ಗಡೆಗಿಂತ ಕೆಳಗಡೆ ಮುಖ್ಯ. ಚಕ್ರದ ಮೇಲಿನ ಗೂಡಿನಲ್ಲಿ ಮೆತ್ತಿಕೊಂಡ ಮಣ್ಣು ಒದ್ದೆ ಬಟ್ಟೆಯ ಹಾಗೆ ನೀರು ಹಿಡಿದುಕೊಂಡು ತಗಡನ್ನು ತಿನ್ನುತ್ತದೆ. ಮುಂದಿನ ಗಾಜಿನ ಬುಡದಲ್ಲಿ ವೈಪರ್ ಕೆಳಗೆ ಕೂತಿರುವ ಎಲೆಗಳನ್ನೂ ಕೈ ಹಾಕಿ ತೆಗೆಸಿ. ತೊಳೆದ ದಿನವೇ ತಂದು ನಿಲ್ಲಿಸಬೇಡಿ. ಎರಡು ಮೂರು ದಿನ ಓಡಾಡಿ ಚೆನ್ನಾಗಿ ಒಣಗಲಿ.

ಇಂಜಿನ್ ಆಯಿಲನ್ನು ಹೋಗುವ ಮೊದಲೇ ಬದಲಾಯಿಸಿ. ಬಂದ ಮೇಲೆ ಹೇಗೂ ಬದಲಾಯಿಸುತ್ತೇವಲ್ಲ ಅಂತ ಹತ್ತರಲ್ಲಿ ಒಂಬತ್ತು ಮಂದಿ ಅನ್ನುತ್ತಾರೆ. ಓಡಿದ ಆಯಿಲಿನಲ್ಲಿ ಆಮ್ಲ, ನೀರು, ಮಸಿ ಎಲ್ಲ ಇರುತ್ತದೆ, ಬೇರಿಂಗುಗಳು ಆರು ತಿಂಗಳು ಅದರಲ್ಲೇ ನೆನೆಯುತ್ತವೆ. ಹೊಸ ಆಯಿಲ್ ಹಾಕಿ ಹತ್ತಿಪ್ಪತ್ತು ಕಿ.ಮೀ. ಓಡಿಸಿದರೆ ಒಳಗೆಲ್ಲ ಶುದ್ಧವಾದ ಪದರ ಕೂರುತ್ತದೆ. ಕೂಲೆಂಟ್ ಜಾಗದಲ್ಲಿ ಬರೀ ನೀರು ಹಾಕಿದ್ದರೆ ಅದನ್ನೂ ತೆಗೆಸಿ ಸರಿಯಾದ ಕೂಲೆಂಟ್ ಹಾಕಿಸಿ. ತುಕ್ಕು ತಡೆಯುವ ಔಷಧ ಇರುವುದು ಅದರಲ್ಲೇ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಗುಣದ್ದು, ಎರಡು ವರ್ಷದಿಂದ ಮುಟ್ಟಿಲ್ಲವಾದರೆ ಇದೇ ಸಲಕ್ಕೆ ಮುಗಿಸಿಬಿಡಿ.

ಪೆಟ್ರೋಲ್ ತುಂಬಿಸಿಡಿ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ, ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪು ಹೀರುವುದು ಆ ತಳದಿಂದಲೇ. ಅರ್ಧ ಖಾಲಿ ಟ್ಯಾಂಕಿನಲ್ಲಿ ಅರ್ಧ ತೇವದ ಗಾಳಿ ಇರುತ್ತದೆ. ತುಂಬಿದ ಟ್ಯಾಂಕಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಜನ ಹೆಚ್ಚು ಬರುವ ಬಂಕಿನಲ್ಲಿ, ಮಳೆಯಿಲ್ಲದ ದಿನ ಹಾಕಿಸಿ. ಗನ್ ತಾನಾಗಿ ‘ಟಕ್’ ಅಂತ ನಿಂತ ಮೇಲೆ ಮತ್ತೆ ಒತ್ತಿ ತುಂಬಿಸಲು ಬಿಡಬೇಡಿ. ಹೆಚ್ಚಾದದ್ದು ಪೆಟ್ರೋಲಿನ ಆವಿ ಹಿಡಿಯುವ ಇದ್ದಿಲ ಡಬ್ಬಿಗೆ ನುಗ್ಗಿ ಅದನ್ನು ಕೆಡಿಸುತ್ತದೆ. ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಜರ್ ಎಂಬ ದ್ರವ ಆನ್‌ಲೈನಿನಲ್ಲಿ ಸಿಗುತ್ತದೆ. ಸಿಕ್ಕರೆ ಬಂಕಿಗೆ ಹೋಗುವ ಮೊದಲೇ ಟ್ಯಾಂಕಿಗೆ ಸುರಿದು ಆಮೇಲೆ ಪೆಟ್ರೋಲ್ ಹಾಕಿಸಿ, ಚೆನ್ನಾಗಿ ಬೆರೆಯುತ್ತದೆ. ಸಿಗದಿದ್ದರೆ ಆರು ತಿಂಗಳಿಗೆ ಗಾಬರಿಯಾಗಬೇಕಿಲ್ಲ, ವರ್ಷ ದಾಟುವುದಾದರೆ ಮಾತ್ರ ಯೋಚಿಸಬೇಕು. ಕಾರ್ಬ್ಯುರೇಟರ್ ಇರುವ ಹಳೆಯ ಕಾರಿನವರಿಗೆ ಒಂದು ಮಾತು: ಕಾರ್ಬ್ಯುರೇಟರಿನ ಬಟ್ಟಲಲ್ಲಿ ಉಳಿದ ಪೆಟ್ರೋಲ್ ಆರಿ ಗೋಂದಾಗಿ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತು, ಕಟ್ಟುತ್ತದೆ, ಆದ್ದರಿಂದ ಬಟ್ಟಲು ಮಾತ್ರ ಖಾಲಿ ಮಾಡಿಡಿ. ಡೀಸೆಲ್ ಕಾರಿನವರು ಫಿಲ್ಟರಿನ ತಳದ ನೀರು ಬಿಡಿಸಿ ಟ್ಯಾಂಕ್ ತುಂಬಿಸಲಿ.

ಬ್ಯಾಟ್ರಿಯನ್ನು ಬಿಚ್ಚಿ ಮನೆಯೊಳಗೆ ತನ್ನಿ. 10 ನಂಬರ್ ಸ್ಪಾನರ್ ಸಾಕು. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಜೋಡಿಸುವಾಗ ಇದಕ್ಕೆ ತಿರುಗು. ಪಾಸಿಟಿವ್ ಮೊದಲು ಬಿಚ್ಚಲು ಹೋದರೆ ಸ್ಪಾನರ್ ಬಾಡಿಗೆ ತಾಗಿ ಕಿಡಿ ಹಾರುತ್ತದೆ. ಬಿಚ್ಚುವ ಮೊದಲು ಗಾಜುಗಳನ್ನೆಲ್ಲ ಏರಿಸಿ, ಬಾಗಿಲು ಕೀಯಿಂದಲೇ ತೆರೆಯುತ್ತದೆಯೇ ಅಂತ ಪರೀಕ್ಷಿಸಿ. ರಿಮೋಟ್ ಒತ್ತಿ ಒತ್ತಿ ಕೀ ತೂತೇ ತುಕ್ಕು ಹಿಡಿದಿರುವುದನ್ನು ಕಂಡಿದ್ದೇನೆ. ಪೂರ್ತಿ ಚಾರ್ಜ್ ಆದ ಬ್ಯಾಟ್ರಿ ಮಲ್ಟಿಮೀಟರಿನಲ್ಲಿ 12.6 ವೋಲ್ಟ್ ಮೇಲೆ ತೋರಿಸಬೇಕು. 12.4ಕ್ಕಿಂತ ಕೆಳಗಿಳಿದು ಹಾಗೇ ಕೂತರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಗಟ್ಟಿ ಹರಳು ಕಟ್ಟಿ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಂದಿನ ಶಕ್ತಿ ಬರುವುದಿಲ್ಲ. ಬಿಚ್ಚಿಟ್ಟ ಬ್ಯಾಟ್ರಿಯೂ ತಾನಾಗಿ ತಿಂಗಳಿಗೆ ನಾಲ್ಕೈದು ಪರ್ಸೆಂಟ್ ಇಳಿಯುತ್ತದೆ. ಅದಕ್ಕೇ ನಿಮ್ಮ ಹುಡುಗನಿಗೆ ಐದು ನಿಮಿಷದ ಸ್ಟಾರ್ಟಿನ ಬದಲು ಈ ಕೆಲಸ ಕೊಡಿ: ಎರಡು ತಿಂಗಳಿಗೊಮ್ಮೆ ತೀರ್ಥಹಳ್ಳಿಯ ಬ್ಯಾಟ್ರಿ ಅಂಗಡಿಗೆ ಒಯ್ದು ನಿಧಾನ ಚಾರ್ಜ್ ಮಾಡಿಸಿ ತರಲಿ. ಒಯ್ಯುವಾಗ ಅಡ್ಡ ಮಲಗಿಸಬಾರದು, ಆಸಿಡ್ ಚೆಲ್ಲುತ್ತದೆ.

ಸದಾ ಕರೆಂಟಿಗೆ ಸಿಕ್ಕಿಸಿಯೇ ಇಡುವ ಸಣ್ಣ ಚಾರ್ಜರ್ ಒಳ್ಳೆಯದೆಂದು ಬೆಂಗಳೂರಿನ ಸ್ನೇಹಿತರು ಹೇಳಬಹುದು. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಅದು ಒಳ್ಳೆಯದೇ. ಗುಡುಗು, ಸಿಡಿಲು, ದಿನಗಟ್ಟಲೆ ಕರೆಂಟಿಲ್ಲದ ನಿಮ್ಮ ಊರಲ್ಲಿ ಬೀಗ ಹಾಕಿದ ಮನೆಯೊಳಗೆ ಆರು ತಿಂಗಳು ಯಾವ ಪ್ಲಗ್ಗನ್ನೂ ಹಾಕಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ಬ್ಯಾಟ್ರಿಯನ್ನು ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಅನ್ನುವ ಮಾತೂ ನಿಮ್ಮ ಕಿವಿಗೆ ಬೀಳಬಹುದು. ಅದು ಹಳೆಯ ಕಾಲದ ಮರದ, ರಬ್ಬರಿನ ಪೆಟ್ಟಿಗೆಯ ಬ್ಯಾಟ್ರಿಗಳ ಮಾತು, ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಅನ್ವಯಿಸುವುದಿಲ್ಲ.

ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ನಿಮ್ಮ ಕಾರಿನ ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್. ಮಳೆಗಾಲದಲ್ಲಿ ಒಳಗಿನ ಬ್ರೇಕ್ ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಂಡರೆ ಚಕ್ರ ತಿರುಗುವುದೇ ಇಲ್ಲ. ಮೊದಲನೇ ಗೇರಿಗೆ ಹಾಕಿ, ಎರಡು ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಟೈರಿಗೆ ಕಂಪನಿ ಹೇಳಿದ್ದಕ್ಕಿಂತ ಆರೇಳು ಪಿ.ಎಸ್.ಐ. ಹೆಚ್ಚು ಗಾಳಿ ಹಿಡಿಸಿ. ಟೈರಿನ ಪಕ್ಕೆಯಲ್ಲಿ ಬರೆದ ಗರಿಷ್ಠ ಮಿತಿ ಮಾತ್ರ ದಾಟಬಾರದು. ಜಾಕಿ ಸ್ಟ್ಯಾಂಡ್ ಮೇಲೆ ಏರಿಸಿಡುವುದು ವರ್ಷಗಟ್ಟಲೆ ನಿಲ್ಲಿಸುವವರಿಗೆ ಸರಿ, ಆರು ತಿಂಗಳಿಗೆ ಬೇಕಿಲ್ಲ. ಹುಡುಗ ತಿಂಗಳಿಗೊಮ್ಮೆ ಇನ್ನೊಬ್ಬರನ್ನು ಕರೆದುಕೊಂಡು ಬಂದು, ಕಲ್ಲು ತೆಗೆದು, ನ್ಯೂಟ್ರಲ್ ಮಾಡಿ, ಚಕ್ರ ಕಾಲು ಸುತ್ತು ತಿರುಗುವಷ್ಟು ತಳ್ಳಿ ಮತ್ತೆ ಕಲ್ಲು ಕೊಟ್ಟರೆ ಸಾಕು. ಟೈರಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡರೆ ಪ್ರತಿ ಸಲ ಬೇರೆ ಜಾಗ ನೆಲಕ್ಕೆ ಬರುತ್ತದೆ. ಇದೇ ಹೊತ್ತಿಗೆ ಟೈರಿನ ಮೇಲಿರುವ ನಾಲ್ಕು ಅಂಕಿ ನೋಡಿಕೊಳ್ಳಿ. 2319 ಅಂತಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಕಮ್ಮಿ ಓಡುವ ಕಾರಿನ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಹಾಗಾಗಿ ಬಟನ್ (ನೆಲಕ್ಕೆ ತಾಗುವ ಮೈಯ ಗೀರುಗಳು) ಚೆನ್ನಾಗಿದ್ದರೂ ಪಕ್ಕೆಯಲ್ಲಿ ಬಿರುಕು ಕಂಡರೆ ಬಂದ ಮೇಲೆ ಬದಲಾಯಿಸಿ.

ಇನ್ನು ಇಲಿ. ನನಗೆ ಕೇಳಿದರೆ ಥಂಡಿಯ ನಂತರದ ದೊಡ್ಡ ಶತ್ರು ಇದೇ, ಖರ್ಚಿನ ಲೆಕ್ಕದಲ್ಲಿ ಮೊದಲನೆಯದು. ಜೂನ್‌ನಲ್ಲಿ ಗದ್ದೆಗೆ ನೀರು ನಿಂತ ಕೂಡಲೇ ಬಿಲದ ಇಲಿಗಳೆಲ್ಲ ಮೇಲೇರುತ್ತವೆ. ಕತ್ತಲೆ, ಬೆಚ್ಚಗೆ, ಒಣಗಿದ ಗೂಡು ಬೇಕು. ಮುಚ್ಚಿದ ಬಾನೆಟ್ಟಿಗಿಂತ ಒಳ್ಳೆಯ ಜಾಗ ಅವಕ್ಕೆ ಎಲ್ಲಿದೆ? ಇಲಿಯ ಮುಂದಿನ ಹಲ್ಲು ಬದುಕಿಡೀ ಬೆಳೆಯುತ್ತಲೇ ಇರುತ್ತದೆ, ಸವೆಸಲು ಏನಾದರೂ ಕಡಿಯುತ್ತಲೇ ಇರಬೇಕು. ವೈರಿಂಗ್ ಪೂರ್ತಿ ಬದಲಾಯಿಸುವುದೆಂದರೆ ಹಳೆಯ ಕಾರಿನಲ್ಲಿ ಬರುವ ಅತಿ ದೊಡ್ಡ ಬಿಲ್ಲುಗಳಲ್ಲಿ ಒಂದು.

ನಾನು ಹೇಳುವ ಮೊದಲ ಉಪಾಯಕ್ಕೆ ಖರ್ಚಿಲ್ಲ: ಬಾನೆಟ್ಟನ್ನು ಕಡ್ಡಿ ಕೊಟ್ಟು ತೆರೆದೇ ಇಡಿ. ಬೆಳಕು, ಗಾಳಿ ಆಡುವ ಜಾಗದಲ್ಲಿ ಇಲಿಗೆ ಗೂಡು ಕಟ್ಟಲು ಧೈರ್ಯ ಬರುವುದಿಲ್ಲ. ಬ್ಯಾಟ್ರಿ ಹೇಗೂ ಬಿಚ್ಚಿರುವುದರಿಂದ ಬೇರೆ ತೊಂದರೆಯಿಲ್ಲ. ಸೀರೆ ಹೊದಿಸುವಾಗ ಬಾನೆಟ್ ಭಾಗ ಬಿಟ್ಟು ಹೊದಿಸಿ. ಏರ್ ಫಿಲ್ಟರಿಗೆ ಗಾಳಿ ಎಳೆಯುವ ಕೊಳವೆಯ ಬಾಯಿಗೂ ಸೈಲೆನ್ಸರಿನ ಬಾಯಿಗೂ ಸ್ಟೀಲ್ ಸೊಳ್ಳೆ ಜಾಲರಿ ಸುತ್ತಿ ಕಟ್ಟಿ. ಇಲಿ ಮರಿಗೆ ಪೆನ್ಸಿಲ್ ದಪ್ಪದ ತೂತಿದ್ದರೆ ಸಾಕು ನುಗ್ಗಲು. ಮಣ್ಣಿನ ಗೂಡು ಕಟ್ಟುವ ಕಣಜವೂ ಇದರಿಂದ ಹೊರಗುಳಿಯುತ್ತದೆ. ಕಟ್ಟಿದ ಜಾಗಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗಿಗೆ ಕೆಂಪು ದಾರದಲ್ಲಿ ಕಟ್ಟಿ, ವಾಪಸ್ ಬಂದ ಸಡಗರದಲ್ಲಿ ಮರೆತುಹೋಗುತ್ತದೆ. ಕಾರಿನೊಳಗೆ ಟಿಶ್ಯೂ ಡಬ್ಬಿ, ಹಳೆಯ ಪೇಪರ್, ಬಿಸ್ಕತ್ತಿನ ಚೂರು ಒಂದೂ ಇರಬಾರದು. ಮ್ಯಾಟುಗಳನ್ನು ಬಿಸಿಲಲ್ಲಿ ಒಣಗಿಸಿ ಮನೆಯೊಳಗೇ ಇಡಿ. ಗೋಡೆಯ ಬದಿಗೆ ಇಲಿ ಬೋನು ಇಟ್ಟು ಹುಡುಗ ನೋಡಿಕೊಳ್ಳಲಿ. ಪಾಷಾಣ ಮಾತ್ರ ಬೇಡ. ತಿಂದ ಇಲಿ ಹೀಟರಿನ ಕೊಳವೆಯೊಳಗೆ ಹೋಗಿ ಸತ್ತರೆ ಡ್ಯಾಶ್‌ಬೋರ್ಡ್ ಬಿಚ್ಚದೆ ನಾತ ಹೋಗುವುದಿಲ್ಲ. ಹೊಗೆಸೊಪ್ಪು ಕಟ್ಟುವುದನ್ನು ಬಹಳ ಜನ ಮಾಡುತ್ತಾರೆ. ಹಸಿ ವಾಸನೆ ಇರುವಷ್ಟು ದಿನ ಸ್ವಲ್ಪ ಉಪಯೋಗ, ಆಮೇಲೆ ಅದನ್ನೇ ಗೂಡಿಗೆ ಹಾಸಿಕೊಂಡದ್ದನ್ನು ನೋಡಿದ್ದೇನೆ.

ಒಳಗಿನ ಬೂಷ್ಟಿಗೆ ಮದ್ದು ಸುಲಭ. ಕೊನೆಯ ದಿನ ಕಾರು ತಂದು ನಿಲ್ಲಿಸುವ ಐದು ಕಿ.ಮೀ. ಮೊದಲೇ ಎ.ಸಿ. ಬಂದ್ ಮಾಡಿ, ಬ್ಲೋವರ್ ಮಾತ್ರ ಜೋರಾಗಿ ಇಟ್ಟು ಬನ್ನಿ. ಎ.ಸಿ.ಯ ಒಳಗಿನ ತಣ್ಣೀರೆಲ್ಲ ಆರಿಹೋಗುತ್ತದೆ, ಮುಗ್ಗಲು ವಾಸನೆ ಹುಟ್ಟುವುದೇ ಆ ನೀರಿನಿಂದ. ಅಂಗಡಿಯಲ್ಲಿ ಸಿಗುವ ತೇವ ಹೀರುವ ಡಬ್ಬಿಗಳನ್ನು ಎರಡು ಒಳಗಿಡಿ. ಅದರಲ್ಲಿ ಕೂಡುವ ನೀರು ಉಪ್ಪು ನೀರು, ಕಬ್ಬಿಣಕ್ಕೆ ಬೀಳಬಾರದು, ಹಾಗಾಗಿ ಬಕೆಟ್ಟಿನೊಳಗೆ ನಿಲ್ಲಿಸಿ ತಿಂಗಳಿಗೊಮ್ಮೆ ಹುಡುಗನಿಂದ ಬದಲಾಯಿಸಿ.

ಕಾಗದಪತ್ರಗಳದ್ದು ಎರಡೇ ಮಾತು. ಇನ್ಶೂರೆನ್ಸ್ ಈ ಆರು ತಿಂಗಳಲ್ಲಿ ಮುಗಿಯುವುದಾದರೆ ಅಮೆರಿಕದಿಂದಲೇ ಆನ್‌ಲೈನಿನಲ್ಲಿ ಕಟ್ಟಿಬಿಡಿ. ಮುಗಿದು 90 ದಿನ ದಾಟಿದರೆ ಇಷ್ಟು ವರ್ಷ ಕೂಡಿಟ್ಟ ನೋ ಕ್ಲೇಮ್ ಬೋನಸ್ ಕೈತಪ್ಪುತ್ತದೆ. ಹೊಗೆ ತಪಾಸಣೆಯನ್ನು ಬಂದ ಮೇಲೆ ಮಾಡಿಸಿದರಾಯಿತು.

ನವೆಂಬರಿನಲ್ಲಿ ಬಂದಿಳಿದ ದಿನವೇ ಕೀ ಹಾಕಬೇಡಿ. ಹಗಲು ಬೆಳಕಿನಲ್ಲಿ ಮೊದಲು ಟಾರ್ಚ್ ಹಿಡಿದು ಬಾನೆಟ್ಟಿನೊಳಗೆ, ಸೀಟಿನ ಕೆಳಗೆ ನೋಡಿ. ಇಲಿ ಇದ್ದಲ್ಲಿಗೆ ಹಾವು ಬರುತ್ತದೆ, ನೋಡದೆ ಕೈ ಹಾಕಬಾರದು. ಇಲಿ ಗೂಡು, ಹಿಕ್ಕೆ ಕಂಡರೆ ಒಣಗಿದ್ದನ್ನು ಹಾಗೇ ಗುಡಿಸಬೇಡಿ. ಬ್ಲೀಚಿಂಗ್ ನೀರು ಚಿಮುಕಿಸಿ, ಗ್ಲೌಸ್ ಮತ್ತು ಮಾಸ್ಕ್ ಹಾಕಿಕೊಂಡು ಒರೆಸಿ. ಇಲಿ ಜ್ವರ ಬರುವುದು ಅದರ ಉಚ್ಚೆಯಿಂದ, ಕೈಯಲ್ಲಿ ಸಣ್ಣ ಗಾಯವಿದ್ದರೂ ಸಾಕು. ಜಾಲರಿಗಳನ್ನೆಲ್ಲ ಚೀಟಿ ನೋಡಿಕೊಂಡು ಬಿಚ್ಚಿ. ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಮಟ್ಟ ನೋಡಿ, ನೆಲದ ಪ್ಲಾಸ್ಟಿಕ್ ಮೇಲೆ ಸೋರಿದ ಕಲೆ ಇದೆಯೇ ನೋಡಿ. ಚಾರ್ಜ್ ಆದ ಬ್ಯಾಟ್ರಿ ಕೂರಿಸಿ. ಶೆಡ್ಡಿನ ಬಾಗಿಲು ಪೂರ್ತಿ ತೆರೆಯಿರಿ. ಮುಚ್ಚಿದ ಜಾಗದಲ್ಲಿ ಇಂಜಿನ್ ಓಡಿಸಿದರೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವ ತೆಗೆಯುತ್ತದೆ.

ಕೀಯನ್ನು ಆನ್ ಮಾಡಿ ಮೂರು ಸೆಕೆಂಡ್ ಬಿಟ್ಟು ಆಫ್ ಮಾಡಿ. ಹೀಗೆ ಮೂರು ಸಲ ಮಾಡಿದರೆ ಪಂಪು ಪೆಟ್ರೋಲನ್ನು ಇಂಜಿನ್ ತನಕ ತಂದಿರುತ್ತದೆ. ಆಮೇಲೆ ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡಿನಲ್ಲಿ ಹಿಡಿಯದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ ನೋಡಿ. ಸ್ಟಾರ್ಟ್ ಆದ ಕೂಡಲೇ ಆಕ್ಸಿಲರೇಟರ್ ಒತ್ತಬೇಡಿ, ಆಯಿಲ್ ಎಲ್ಲ ಕಡೆ ಹತ್ತಲಿ. ಎರಡು ನಿಮಿಷದಲ್ಲಿ ಹೊರಡಿ. ಹಿಂದಿನ ಚಕ್ರ ಹಿಡಿದುಕೊಂಡ ಹಾಗನಿಸಿದರೆ ರಭಸದಿಂದ ಎಳೆಸಬೇಡಿ, ಒಮ್ಮೆ ರಿವರ್ಸ್, ಒಮ್ಮೆ ಫಸ್ಟ್, ಮೆಲ್ಲಗೆ. ಆಗಲೂ ಬಿಡದಿದ್ದರೆ ಮೆಕ್ಯಾನಿಕ್ ಬಂದು ಡ್ರಮ್ಮಿಗೆ ಸುತ್ತಿಗೆಯಲ್ಲಿ ತಟ್ಟಿ ಬಿಡಿಸಲಿ. ಟೈರಿನ ಗಾಳಿ ಮಾಮೂಲಿಗೆ ಇಳಿಸುವವರೆಗೆ ಮತ್ತು ಬ್ರೇಕ್ ಡಿಸ್ಕಿನ ಮೇಲಿನ ತುಕ್ಕು ಉಜ್ಜಿಹೋಗುವವರೆಗೆ 30ರ ಒಳಗೆ ಓಡಿಸಿ. ಮೊದಲ ಒಂದೆರಡು ಕಿ.ಮೀ. ಕರಕರ ಸದ್ದು ಬರುತ್ತದೆ, ಹೆದರಬೇಡಿ. ಟ್ಯಾಂಕಿನ ಹಳೆಯ ಪೆಟ್ರೋಲ್ ಅರ್ಧಕ್ಕೆ ಬಂದಾಗ ಹೊಸದು ಸೇರಿಸಿ.

ತೀರ್ಥಹಳ್ಳಿಗೆ ಹೋಗಿ ಬಂದು ಕಾರು ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಒಯ್ದು ನೋಡಿ, ಮುಟ್ಟಬೇಡಿ. ಹಿಂದಿನ ಎರಡು ಚಕ್ರಗಳಲ್ಲಿ ಒಂದು ಇನ್ನೊಂದಕ್ಕಿಂತ ಬಹಳ ಬಿಸಿಯಾಗಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಅಲ್ಲಿ ಬ್ರೇಕ್ ಇನ್ನೂ ಪೂರ್ತಿ ಬಿಟ್ಟಿಲ್ಲ ಅಂತ ಅರ್ಥ. ಅದನ್ನು ಬಿಚ್ಚಿಸಿ ಸರಿಮಾಡಿಸದೆ ಘಾಟಿ ಇಳಿಯಬೇಡಿ.